ರಾಜ್ಯದ ಋಣವೂ ಪರಿಮಾಣ ವ್ರತವೂ

ಗೃಹಸ್ಥನಾದ ಶ್ರಾವಕನು ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸುವಾಗ ಕ್ಷೇತ್ರ, ವಾಸ್ತು, ಹಿರಣ್ಯ, ಸುವರ್ಣ, ಧನ, ಧಾನ್ಯಾದಿಗಳಿಗೆ ತಾನೇ ಒಂದು ಮೇರೆಯನ್ನು ಗೊತ್ತುಮಾಡಿಕೊಳ್ಳುತ್ತಾನೆ. ಆ ಮೇರೆಯನ್ನು ಅರಸನು ವಿಧಿಸಿದ್ದಲ್ಲ, ನೆರೆಯವರು ಹೇರಿದ್ದೂ ಅಲ್ಲ. ಅದು ತನ್ನ ಇಚ್ಛೆಗೆ ತಾನೇ ಕಟ್ಟಿಕೊಂಡ ಬೇಲಿ. ವ್ಯಕ್ತಿಯ ವಿಷಯದಲ್ಲಿ ಇದು ಸುಲಭವಾಗಿ ಅರ್ಥವಾಗತಕ್ಕ ಮಾತು. ಆದರೆ ಕೋಟ್ಯಂತರ ಜನರ ಹೆಸರಿನಲ್ಲಿ ವ್ಯಯಮಾಡುವ, ಅವರ ಹೆಸರಿನಲ್ಲಿಯೇ ಸಾಲವೆತ್ತುವ ರಾಜ್ಯವೆಂಬ ಸಂಸ್ಥೆಯು ಇಂತಹ ಮೇರೆಯನ್ನು ತನಗೆ ತಾನೇ ಹಾಕಿಕೊಳ್ಳಬಲ್ಲುದೆ? ಹಾಕಿಕೊಂಡರೆ ಅದು ವ್ರತವೆನಿಸೀತೆ, ಇಲ್ಲವೆ ಸಭೆಯಲ್ಲಿ ಆಡಿ ಮರೆತ ಮಾತಾದೀತೆ? ಈ ಪ್ರಶ್ನೆಯು ಅರ್ಥಶಾಸ್ತ್ರಜ್ಞರಿಗೆ ಮಾತ್ರ ಬಿಟ್ಟುಬಿಡತಕ್ಕದ್ದಲ್ಲ. ಏಕೆಂದರೆ ಇದರ ತಳದಲ್ಲಿರುವುದು ಲೆಕ್ಕವಲ್ಲ, ಧರ್ಮಾಧರ್ಮ ವಿವೇಚನೆ.

ಮೊದಲು ವಸ್ತುಸ್ಥಿತಿಯನ್ನು ನೋಡುವುದು ಲೇಸು. ಕೇಂದ್ರ ಸರ್ಕಾರವು ಪ್ರತಿವರ್ಷ ಆಯವ್ಯಯದೊಡನೆ ಪ್ರಕಟಿಸುವ ಪುಟ್ಟ ಪುಸ್ತಿಕೆಯೊಂದರಲ್ಲಿ, ಸರ್ಕಾರಕ್ಕೆ ಬರುವ ಒಂದು ರೂಪಾಯಿ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದನ್ನು ಪೈಸೆಗಳ ಲೆಕ್ಕದಲ್ಲಿ ತೋರಿಸುವ ಚಿತ್ರವಿರುತ್ತದೆ. 2025-26ರ ಅಂದಾಜಿನ ಪ್ರಕಾರ ಬರುವ ರೂಪಾಯಿಯಲ್ಲಿ 24 ಪೈಸೆ ಸಾಲದಿಂದ ಬಂದದ್ದು. ಹೋಗುವ ರೂಪಾಯಿಯಲ್ಲಿ 20 ಪೈಸೆ ಹಿಂದಿನ ಸಾಲಗಳ ಬಡ್ಡಿಗೆ ಹೋಗತಕ್ಕದ್ದು. ರಕ್ಷಣೆಗೆ 8 ಪೈಸೆ, ಸಹಾಯಧನಗಳಿಗೆ 6 ಪೈಸೆ. ವಾಚಕರು ಈ ಎರಡು ಅಂಕೆಗಳನ್ನು ಒಟ್ಟಿಗೆ ಇಟ್ಟು ನೋಡಬೇಕು: ಸಾಲವಾಗಿ ತಂದ 24ರ ಬಹುಭಾಗಕ್ಕೆ ಸಮನಾದ ಮೊತ್ತವು ಹಳೆಯ ಸಾಲದ ಬಡ್ಡಿಯಾಗಿ ಹೊರಟುಹೋಗುತ್ತದೆ, ಅಸಲು ಹಾಗೆಯೇ ನಿಂತಿರುತ್ತದೆ. ಒಂದು ಮನೆಯಲ್ಲಿ ಹೀಗಾದರೆ ಹಿರಿಯರು ಆ ಮನೆಯ ಯಜಮಾನನನ್ನು ಕರೆದು ಕೂರಿಸಿ ಮಾತನಾಡಿಸುತ್ತಾರೆ.

ಮನೆಯ ಈ ಹೋಲಿಕೆಗೆ ಒಂದು ಆಕ್ಷೇಪವುಂಟು, ಅದು ಅಲ್ಲಗಳೆಯತಕ್ಕದ್ದಲ್ಲ. ಗೃಹಸ್ಥನಿಗೆ ಆಯುಸ್ಸಿನ ಮಿತಿಯಿದೆ, ರಾಜ್ಯಕ್ಕಿಲ್ಲ. ಗೃಹಸ್ಥನು ತನ್ನ ಆದಾಯವನ್ನು ತಾನೇ ಹೆಚ್ಚಿಸಿಕೊಳ್ಳಲಾರ, ರಾಜ್ಯಕ್ಕೆ ಕರ ವಿಧಿಸುವ ಅಧಿಕಾರವಿದೆ. ಅಣೆಕಟ್ಟು, ರೈಲುಮಾರ್ಗ, ಆಸ್ಪತ್ರೆಗಳು ಎರಡು ಮೂರು ತಲೆಮಾರು ಬಾಳುವಂಥವು. ಅವುಗಳ ವೆಚ್ಚವನ್ನೆಲ್ಲ ಕಟ್ಟಿದ ವರ್ಷದವರೇ ಹೊರಬೇಕೆಂಬುದು ನ್ಯಾಯವಲ್ಲ, ಫಲವುಣ್ಣುವ ಮುಂದಿನವರೂ ಪಾಲು ಕೊಡಲಿ ಎಂಬ ಮಾತು ಒಪ್ಪತಕ್ಕದ್ದು. ವ್ಯಾಪಾರ ಕುಸಿದು ಜನರಿಗೆ ಕೆಲಸವಿಲ್ಲದಾದಾಗ ಸರ್ಕಾರವೂ ಕೈ ಬಿಗಿಹಿಡಿದರೆ ಕಷ್ಟ ಇಮ್ಮಡಿಯಾಗುತ್ತದೆಂದು ಇಂಗ್ಲೆಂಡಿನ ಕೇನ್ಸ್ 1930ರ ದಶಕದಲ್ಲಿ ವಾದಿಸಿದುದೂ ನಿರಾಧಾರವಾದುದಲ್ಲ. ಆದ ಕಾರಣ ಸಾಲಮಾತ್ರವೇ ಪಾಪವೆಂದು ಹೇಳುವುದು ಅವಿಚಾರ. ಸಾಲಕ್ಕೂ ಸಾಲಕ್ಕೂ ಭೇದವಿದೆ. ಆ ಭೇದವನ್ನು ಕಾಣಲು ನಮ್ಮ ನಾಡಿನ ಚರಿತ್ರೆಯಲ್ಲಿಯೇ ಒಂದು ನಿದರ್ಶನವಿದೆ. ಅದನ್ನು ಕೊಂಚ ವಿಸ್ತಾರವಾಗಿಯೇ ನೋಡಬೇಕು.

1876 ಮತ್ತು 1877ರಲ್ಲಿ ಮಳೆ ಕೈಕೊಟ್ಟು ಮೈಸೂರು ಸಂಸ್ಥಾನವೂ ಮದರಾಸು ಪ್ರಾಂತವೂ ಘೋರ ಕ್ಷಾಮಕ್ಕೆ ತುತ್ತಾದವು. ಆಗ ಮೈಸೂರು ಅರಸರ ಕೈಯಲ್ಲಿರಲಿಲ್ಲ. 1831ರಿಂದಲೂ ಬ್ರಿಟಿಷ್ ಕಮಿಷನರುಗಳ ಆಡಳಿತವಿತ್ತು. ಸಿಂಹಾಸನಕ್ಕೆ ಬಾಧ್ಯನಾಗಿದ್ದ ಚಾಮರಾಜೇಂದ್ರ ಒಡೆಯರಿಗೆ ಕ್ಷಾಮ ಮೊದಲಾದಾಗ ಹದಿಮೂರು ವರ್ಷ. 1871ರ ಜನಗಣತಿಯಲ್ಲಿ 50 ಲಕ್ಷವನ್ನು ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿತ್ತೆಂದರೆ ಆ ವಿಪತ್ತಿನ ಪ್ರಮಾಣ ತಿಳಿದೀತು. ಖಜಾನೆಯಲ್ಲಿ ಕೂಡಿಟ್ಟಿದ್ದ 63 ಲಕ್ಷ ರೂಪಾಯಿಗಳ ಉಳಿತಾಯ ಕರಗಿಹೋಯಿತು. ಅದರ ಮೇಲೆ ಭಾರತ ಸರ್ಕಾರಕ್ಕೆ 80 ಲಕ್ಷ ರೂಪಾಯಿಗಳ ಋಣ ಉಂಟಾಯಿತು.

ಈ ಋಣದ ಬಗ್ಗೆ ಯಾರೂ ಆಕ್ಷೇಪಿಸಲಾರರು. ಹಸಿದವನ ಮುಂದೆ ಲೆಕ್ಕದ ಪುಸ್ತಕವನ್ನು ತೆರೆದಿಡುವುದು ಧರ್ಮವಲ್ಲ. ಆದರೆ ಅದೇ ಕ್ಷಾಮದಲ್ಲಿ ಹಾಗೆ ತೆರೆದಿಟ್ಟವರೂ ಇದ್ದರು. ವೈಸರಾಯ್ ಲಿಟ್ಟನ್ 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯನ್ನು ದಕ್ಷಿಣಕ್ಕೆ ಕಳುಹಿಸಿದುದು ಪರಿಹಾರದ ವೆಚ್ಚವನ್ನು ಇಳಿಸುವ ಸಲುವಾಗಿ. ಈ ಟೆಂಪಲ್ ಮಹಾಶಯನೇ ಮೂರು ವರ್ಷಗಳ ಹಿಂದೆ ಬಿಹಾರದ ಕ್ಷಾಮದಲ್ಲಿ ಧಾರಾಳವಾಗಿ ವೆಚ್ಚಮಾಡಿ ಜನರನ್ನು ಉಳಿಸಿದ್ದನು. ಅದಕ್ಕಾಗಿ ದುಂದುಗಾರನೆಂದು ನಿಂದೆಗೊಳಗಾಗಿದ್ದನು. ಈ ಸಲ ನಿಂದೆಗೆ ಎಡೆಗೊಡಬಾರದೆಂದು, ಪರಿಹಾರ ಕಾಮಗಾರಿಗಳಲ್ಲಿ ದಿನವಿಡೀ ದುಡಿಯುವವನಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆಯನ್ನೂ ಮೇಲೆ ಅತ್ಯಲ್ಪ ಕಾಸನ್ನೂ ಕೊಟ್ಟರೆ ಸಾಕೆಂದು ಗೊತ್ತುಮಾಡಿದನು. ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಶ್ ಇದನ್ನು ಬಲವಾಗಿ ವಿರೋಧಿಸಿದನು. ಅಷ್ಟರಿಂದ ದುಡಿಯುವ ದೇಹ ನಿಲ್ಲದೆಂಬುದು ಆತನ ವಾದವಾಗಿತ್ತು. ಟೆಂಪಲ್ ಮಾಡಿದುದೂ ಹೆಸರಿಗೆ ಮಿತವ್ಯಯವೇ. ಆದರೆ ಉಪವಾಸವೆಂಬುದು ತಾನು ಮಾಡತಕ್ಕದ್ದು. ಅನ್ಯರನ್ನು ಉಪವಾಸ ಕೆಡಹುವುದಕ್ಕೆ ಆ ಹೆಸರು ಸಲ್ಲದು. ರಾಜ್ಯದ ಸಂಯಮವನ್ನು ಕುರಿತು ಮಾತನಾಡುವವರೆಲ್ಲರೂ ಈ ಒಂದು ಪೌಂಡು ಧಾನ್ಯವನ್ನು ನೆನಪಿನಲ್ಲಿಡತಕ್ಕದ್ದು.

1881ರ ಮಾರ್ಚ್ 25ರಂದು ಸಂಸ್ಥಾನವನ್ನು ಚಾಮರಾಜೇಂದ್ರರಿಗೆ ಮರಳಿ ಒಪ್ಪಿಸಲಾಯಿತು. ಹದಿನೆಂಟರ ಹರೆಯದ ಅರಸನ ಪಾಲಿಗೆ ಬಂದದ್ದು ಸಿಂಹಾಸನದ ಜೊತೆಗೆ 80 ಲಕ್ಷದ ಋಣ. ಆ ಸಾಲವನ್ನು ಎತ್ತುವಾಗ ಆತನನ್ನು ಕೇಳಿದವರಿಲ್ಲ, ಆತ ಬಾಲಕನಾಗಿದ್ದನು. ಬದುಕುಳಿದ ರೈತರನ್ನೂ ಕೇಳಿರಲಿಲ್ಲ. ಆದರೂ ಹೊಣೆ ಅವರದೇ ಆಯಿತು. ದಿವಾನರಾದ ರಂಗಾಚಾರ್ಲು ಅವರು ಆಗ ಕೈಗೊಂಡ ಕ್ರಮಗಳು ಜನಪ್ರಿಯವಾಗತಕ್ಕವಾಗಿರಲಿಲ್ಲ. ಇಲಾಖೆಗಳ ವೆಚ್ಚವನ್ನು ಕಡಿದರು, ಮೇಲಿನ ಹುದ್ದೆಗಳನ್ನು ಕುಗ್ಗಿಸಿದರು. ಹಾಸನ, ಚಿತ್ರದುರ್ಗ ಜಿಲ್ಲೆಗಳು ಕೂಡ ಕೆಲಕಾಲ ಉಪವಿಭಾಗಗಳ ಮಟ್ಟಕ್ಕೆ ಇಳಿದವು. ಕತ್ತರಿಯು ಮೊದಲು ಬಿದ್ದುದು ಕಚೇರಿಯ ಮೇಲೆ ಎಂಬುದು ಇಲ್ಲಿ ಗಮನಾರ್ಹ. ಅದೇ ಕಾಲದಲ್ಲಿ ಬೆಂಗಳೂರು-ಮೈಸೂರು ರೈಲುಮಾರ್ಗದ ಕೆಲಸ ನಿಲ್ಲಲಿಲ್ಲ. ಕ್ಷಾಮದಲ್ಲಿ ಧಾನ್ಯ ಸಾಗಿಸಲು ಮಾರ್ಗವಿಲ್ಲದೆ ಜನ ಸತ್ತದ್ದನ್ನು ಅವರು ಮರೆತಿರಲಿಲ್ಲ.

ಅದಕ್ಕಿಂತಲೂ ಮಿಗಿಲಾದ ಸಂಗತಿ ಮತ್ತೊಂದು. 1881ರ ದಸರಾ ಸಮಯದಲ್ಲಿ ಸಂಸ್ಥಾನದ ನಾನಾ ತಾಲ್ಲೂಕುಗಳಿಂದ ಭೂಮಾಲೀಕರನ್ನೂ ವರ್ತಕರನ್ನೂ ಮೈಸೂರಿಗೆ ಕರೆಸಿ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದಾಗ, ದಿವಾನರು ಆ ಸಭೆಯ ಮುಂದೆ ರಾಜ್ಯದ ಆದಾಯ, ವೆಚ್ಚ, ಋಣಗಳ ಸ್ಥಿತಿಯನ್ನು ಬಿಚ್ಚಿಟ್ಟರು. ಆ ಪ್ರತಿನಿಧಿಗಳಿಗೆ ಮತ ಹಾಕುವ ಅಧಿಕಾರವಿರಲಿಲ್ಲ. ಕೇಳುವುದು, ತಮ್ಮ ಕಷ್ಟಗಳನ್ನು ಅರಿಕೆ ಮಾಡುವುದು, ಅಷ್ಟೇ. ಆದರೂ ಅರಸನ ಖಜಾನೆಯ ಕೊರತೆಯನ್ನು ಪ್ರಜೆಗಳಿಗೆ ಓದಿ ಹೇಳಿದ ಆ ನಡತೆಯು ಪ್ರಾಯಶ್ಚಿತ್ತದ ಮೊದಲ ಭೇದವಾದ ಆಲೋಚನೆಗೆ, ಅಂದರೆ ದೋಷವನ್ನು ಮರೆಮಾಚದೆ ನಿವೇದಿಸುವುದಕ್ಕೆ, ಸಮೀಪವಾದುದು. ರಂಗಾಚಾರ್ಲು 1883ರ ಜನವರಿಯಲ್ಲಿ ತೀರಿಕೊಂಡರು. ಮುಂದೆ 1901ರವರೆಗೆ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಹಣಕಾಸು ಚೇತರಿಸಿತು. ಅದರಲ್ಲಿ ಕೋಲಾರದ ಚಿನ್ನದ ರಾಜಧನದ ಅದೃಷ್ಟವೂ ಸೇರಿತ್ತೆಂಬುದನ್ನು ಮರೆಮಾಚಬೇಕಾಗಿಲ್ಲ.

ಅಂದ ಮೇಲೆ ಸಾಲದ ಯೋಗ್ಯತೆಯನ್ನು ಅಳೆಯಲು ಕೇಳತಕ್ಕ ಪ್ರಶ್ನೆಗಳು ಸ್ಪಷ್ಟವಾಗುತ್ತವೆ. ಪ್ರಾಣ ಉಳಿಸಲು ತಂದದ್ದೆ? ಬಾಳುವ ವಸ್ತುವನ್ನು ಕಟ್ಟಲು ತಂದದ್ದೆ? ಅಥವಾ ನಿತ್ಯದ ಊಟಕ್ಕೆ ತಂದದ್ದೆ? ಕೊನೆಯದನ್ನು ಹಣಕಾಸಿನ ಪರಿಭಾಷೆಯಲ್ಲಿ ರಾಜಸ್ವ ಕೊರತೆ ಎನ್ನುತ್ತಾರೆ. ಸಂಬಳ, ಬಡ್ಡಿ, ಪಿಂಚಣಿ, ಸಹಾಯಧನ ಮೊದಲಾದ ನಿತ್ಯ ವೆಚ್ಚಗಳಿಗೆ ಕರ ಮುಂತಾದ ನಿತ್ಯ ಆದಾಯ ಸಾಲದೆ, ಸಾಲ ತಂದು ತುಂಬುವ ಕೊರತೆ ಅದು. ಸ್ವಾತಂತ್ರ್ಯಾನಂತರ ಮೂರು ದಶಕಗಳ ಬಹುಪಾಲು ಕೇಂದ್ರದ ರಾಜಸ್ವ ಲೆಕ್ಕದಲ್ಲಿ ಅಷ್ಟಿಷ್ಟು ಮಿಗತೆಯೇ ಇತ್ತು. ಬಡ ದೇಶ, ಎರಡು ಮೂರು ಯುದ್ಧಗಳು, ಬರಗಳು, ಆದರೂ ಇತ್ತು. 1979-80ರಲ್ಲಿ ಅದು ಕೊರತೆಗೆ ತಿರುಗಿತು. ಅಂದಿನಿಂದ ಒಂದೇ ಒಂದು ವರ್ಷವೂ ಮಿಗತೆಯನ್ನು ಕಂಡಿಲ್ಲ. ಯಾವ ಪಕ್ಷವೂ ಇದಕ್ಕೆ ಹೊರತಾಗಿಲ್ಲವಾದ್ದರಿಂದ ಇದನ್ನು ಒಬ್ಬರ ಮೇಲೆ ಹೊರಿಸುವಂತಿಲ್ಲ. 2025-26ರ ಅಂದಾಜಿನಲ್ಲಿ ಒಟ್ಟು ವಿತ್ತೀಯ ಕೊರತೆ 15.69 ಲಕ್ಷ ಕೋಟಿ ರೂಪಾಯಿ, ಅದರಲ್ಲಿ ರಾಜಸ್ವ ಕೊರತೆ 5.24 ಲಕ್ಷ ಕೋಟಿ. ಅಂದರೆ ಸಾಲವಾಗಿ ತಂದ ಪ್ರತಿ ಮೂರು ರೂಪಾಯಿಗಳಲ್ಲಿ ಒಂದು ನಿತ್ಯದ ಊಟಕ್ಕೆ. ರಾಜ್ಯಗಳು ರಸ್ತೆ, ಮನೆ ಮುಂತಾದವನ್ನು ಕಟ್ಟಲೆಂದು ಕೊಡುವ ಅನುದಾನವೂ ಈ ಲೆಕ್ಕದಲ್ಲಿ ಸೇರಿದೆಯೆಂದು ಸರ್ಕಾರ ಹೇಳುತ್ತದೆ, ಅದು ನಿಜವೇ. ಆ ಪಾಲನ್ನು ಕಳೆದರೆ ಚಿತ್ರ ಅಷ್ಟು ಕರಾಳವಲ್ಲ. ಆದರೆ ನಲವತ್ತು ವರ್ಷಗಳ ಅಭ್ಯಾಸವನ್ನು ಅದೊಂದೇ ವಿವರಿಸಲಾರದು.

ಸಂವಿಧಾನವನ್ನು ರಚಿಸಿದವರಿಗೆ ಈ ಅಪಾಯ ತೋರದೆ ಇರಲಿಲ್ಲ. 292ನೆಯ ಅನುಚ್ಛೇದವು ಕೇಂದ್ರಕ್ಕೆ ಸಾಲವೆತ್ತುವ ಅಧಿಕಾರವನ್ನು ಕೊಡುತ್ತ, ಸಂಸತ್ತು ಕಾನೂನಿನ ಮೂಲಕ ಮಿತಿ ಗೊತ್ತುಮಾಡಿದರೆ ಆ ಮಿತಿಯೊಳಗೆ ಎಂದು ಹೇಳುತ್ತದೆ. ಗೊತ್ತುಮಾಡಲೇಬೇಕೆಂದು ಹೇಳುವುದಿಲ್ಲ. 1949ರಲ್ಲಿ ಈ ಬಗ್ಗೆ ಚರ್ಚೆ ನಡೆದಾಗ ಡಾಕ್ಟರ್ ಅಂಬೇಡ್ಕರ್ ಅವರು, ಸಂಸತ್ತು ಈ ಹೊಣೆಯನ್ನು ಗಂಭೀರವಾಗಿ ಪರಿಗಣಿಸಿ ಅಂತಹ ಕಾನೂನುಗಳನ್ನು ಮಾಡುವುದೆಂಬ ಭರವಸೆಯನ್ನು ವ್ಯಕ್ತಪಡಿಸಿದರು. ಆ ಭರವಸೆ ಕಾರ್ಯರೂಪಕ್ಕೆ ಬರಲು ಐವತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

ನಡುವೆ ನಡೆದುದು ಬೇರೆ. 1955ರಲ್ಲಿ ಸರ್ಕಾರಕ್ಕೂ ರಿಸರ್ವ್ ಬ್ಯಾಂಕಿಗೂ ಒಂದು ಒಡಂಬಡಿಕೆಯಾಯಿತು. ಸರ್ಕಾರದ ಕೈಯಲ್ಲಿರುವ ನಗದು ಗೊತ್ತಾದ ಮಟ್ಟಕ್ಕಿಂತ ಕೆಳಗಿಳಿದರೆ ಹುಂಡಿಗಳು ತಾವಾಗಿಯೇ ಹುಟ್ಟಿ ಬ್ಯಾಂಕಿನಿಂದ ಹಣ ಬರತಕ್ಕ ವ್ಯವಸ್ಥೆ ಅದು. ತಾತ್ಕಾಲಿಕ ತೊಂದರೆಯ ನಿವಾರಣೆಗೆಂದು ಮಾಡಿದ್ದು ಶಾಶ್ವತವಾಗಿ ನೆಲೆನಿಂತಿತು. ಹೊಸದಾಗಿ ಮುದ್ರಿತವಾದ ಹಣ ಪೇಟೆಗೆ ಬಂದಾಗ ಬೆಲೆಗಳು ಏರುತ್ತವೆ. ಬೆಲೆ ಏರಿದರೆ ಯಾರಿಗೆ ಹೊಲವಿಲ್ಲವೋ, ಯಾರ ಕೂಲಿ ಬೆಲೆಯೊಡನೆ ಏರುವುದಿಲ್ಲವೋ, ಅವರು ಕಾನೂನಿನಲ್ಲಿ ಎಲ್ಲಿಯೂ ಬರೆಯದ ಕರವೊಂದನ್ನು ತೆತ್ತಂತಾಗುತ್ತದೆ. ಗವರ್ನರಾಗಿದ್ದ ಸಿ. ರಂಗರಾಜನ್ ಅವರ ಕಾಲದಲ್ಲಿ, 1994ರ ಸೆಪ್ಟೆಂಬರಿನಲ್ಲಿ ಆದ ಒಪ್ಪಂದದಂತೆ ಈ ಪದ್ಧತಿಯನ್ನು ಹಂತಹಂತವಾಗಿ ತಗ್ಗಿಸಿ 1997ರ ಮಾರ್ಚ್ 31ಕ್ಕೆ ನಿಲ್ಲಿಸಲಾಯಿತು. ಭಾರತದ ಹಣಕಾಸಿನ ಇತಿಹಾಸದಲ್ಲಿ ಸದ್ದಿಲ್ಲದೆ ನಡೆದ ಒಳ್ಳೆಯ ಕೆಲಸಗಳಲ್ಲಿ ಇದೊಂದು. ಇದಕ್ಕಾಗಿ ಯಾರೂ ಮೆರವಣಿಗೆ ತೆಗೆಯಲಿಲ್ಲ.

ಆದರೆ ಅಷ್ಟು ಹೊತ್ತಿಗೆ ಆಗಬೇಕಾದ ಅನರ್ಥ ಆಗಿಹೋಗಿತ್ತು. 1980ರ ದಶಕದುದ್ದಕ್ಕೂ ಬೆಳೆದ ಕೊರತೆಯು 1990-91ರಲ್ಲಿ ಕೇಂದ್ರದ ಮಟ್ಟಿಗೇ ರಾಷ್ಟ್ರದ ಉತ್ಪನ್ನದ ಶೇಕಡಾ 8ರ ಆಸುಪಾಸಿಗೆ ಬಂದಿತು. ಕೊಲ್ಲಿ ಯುದ್ಧದಿಂದ ತೈಲದ ಬೆಲೆ ಏರಿ, ವಿದೇಶೀ ವಿನಿಮಯದ ಸಂಗ್ರಹವು ಕೆಲವೇ ವಾರಗಳ ಆಮದಿಗೆ ಸಾಲುವಷ್ಟಾಯಿತು. 1991ರ ಮೇ ತಿಂಗಳಲ್ಲಿ ಕಳ್ಳಸಾಗಣೆದಾರರಿಂದ ವಶಪಡಿಸಿಕೊಂಡಿದ್ದ 20 ಟನ್ ಚಿನ್ನವನ್ನು ಸ್ಟೇಟ್ ಬ್ಯಾಂಕಿನ ಮೂಲಕ ಸ್ವಿಟ್ಜರ್ಲೆಂಡಿನ ಬ್ಯಾಂಕೊಂದಕ್ಕೆ, ಮರಳಿ ಕೊಳ್ಳುವ ಷರತ್ತಿನ ಮೇಲೆ, ಮಾರಲಾಯಿತು. ಜುಲೈಯಲ್ಲಿ ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನ ವಿಮಾನವೇರಿ ಲಂಡನ್ನಿಗೆ ಹೋಯಿತು. ಅದನ್ನು ಒತ್ತೆಯಿಟ್ಟು ಇಂಗ್ಲೆಂಡ್ ಮತ್ತು ಜಪಾನುಗಳ ಕೇಂದ್ರ ಬ್ಯಾಂಕುಗಳಿಂದ ತಂದದ್ದು ಸುಮಾರು 40 ಕೋಟಿ ಡಾಲರ್. ಮನೆಯ ಬಂಗಾರ ಒತ್ತೆಗೆ ಹೋಗುವುದೆಂದರೆ ಏನೆಂಬುದು ನಮ್ಮ ಹೆಣ್ಣುಮಕ್ಕಳಿಗೆ ವಿವರಿಸಬೇಕಾದ ವಿಷಯವಲ್ಲ. ಅಂದು ದೇಶಕ್ಕೆ ಆದ ಅವಮಾನವೇ ಮುಂದಿನ ಸುಧಾರಣೆಗಳಿಗೆ ಪ್ರೇರಕವಾಯಿತೆಂದು ಹೇಳುವುದುಂಟು. ಇರಬಹುದು. ಆದರೆ 1990ರ ದಶಕದಲ್ಲಿ ಕೊರತೆಯನ್ನು ಇಳಿಸಲು ಹೊರಟಾಗ ಕತ್ತರಿ ಹೆಚ್ಚಾಗಿ ಬಿದ್ದದ್ದು ಬಾಳುವ ವಸ್ತುಗಳ ಮೇಲಿನ ವೆಚ್ಚದ ಮೇಲೆಯೇ. ನಿತ್ಯದ ಊಟ ಹಾಗೆಯೇ ಮುಂದುವರಿಯಿತು. ರಂಗಾಚಾರ್ಲು ಅವರು ಕತ್ತರಿಯಾಡಿಸಿದ ಬಗೆಗೂ ಇದಕ್ಕೂ ಇರುವ ಅಂತರವನ್ನು ವಾಚಕರೇ ಕಾಣಬಲ್ಲರು.

ಇನ್ನು ವ್ರತದ ಮಾತು. ಸಾಲಕ್ಕೆ ಕಾನೂನಿನ ಮಿತಿಯನ್ನು ಹಾಕಿಕೊಂಡ ರಾಜ್ಯಗಳಲ್ಲಿ ಕರ್ನಾಟಕವೇ ಮೊದಲನೆಯದು. 2002ರಲ್ಲಿ ಇಲ್ಲಿಯ ವಿತ್ತೀಯ ಹೊಣೆಗಾರಿಕೆ ಅಧಿನಿಯಮ ಆಯಿತು. ಅದರ ಫಲವೂ ಕಂಡಿತು. 2004-05ರಿಂದ ಮುಂದೆ ಸುಮಾರು ಹದಿನೈದು ವರ್ಷ ರಾಜ್ಯದ ರಾಜಸ್ವ ಲೆಕ್ಕ ಮಿಗತೆಯಲ್ಲಿತ್ತು. ಕೇಂದ್ರದ ಅಧಿನಿಯಮವು 2003ರಲ್ಲಿ ಆಗಿ 2004ರ ಜುಲೈಯಲ್ಲಿ ಜಾರಿಗೆ ಬಂದಿತು. ರಾಜಸ್ವ ಕೊರತೆಯನ್ನು ಇಲ್ಲವಾಗಿಸುವುದು, ವಿತ್ತೀಯ ಕೊರತೆಯನ್ನು ಉತ್ಪನ್ನದ ಶೇಕಡಾ 3ಕ್ಕೆ ಇಳಿಸುವುದು ಅದರ ಸಂಕಲ್ಪ. 2007-08ರಲ್ಲಿ ಕೊರತೆ ಶೇಕಡಾ 3ಕ್ಕಿಂತಲೂ ಕೆಳಗೆ ಇಳಿದಿತ್ತೆಂಬುದನ್ನು ಹೇಳದೆ ಬಿಡುವುದು ಅನ್ಯಾಯವಾದೀತು. ಮರುವರ್ಷವೇ ರೈತರ ಸಾಲಮನ್ನಾ, ಆರನೆಯ ವೇತನ ಆಯೋಗ, ಜಗತ್ತಿನ ಬ್ಯಾಂಕುಗಳ ಕುಸಿತ ಇವೆಲ್ಲ ಕೂಡಿ ಅದು ಶೇಕಡಾ 6ಕ್ಕೆ ಹಾರಿತು.

ಸಮಂತಭದ್ರಾಚಾರ್ಯರು ಶ್ರಾವಕಾಚಾರವನ್ನು ನಿರೂಪಿಸುವಾಗ ನಿಯಮ ಮತ್ತು ಯಮ ಎಂದು ಭೇದ ಮಾಡಿದ್ದಾರೆ. ಕಾಲದ ಮಿತಿಯುಳ್ಳದ್ದು ನಿಯಮ, ಜೀವಾವಧಿ ಪಾಲಿಸತಕ್ಕದ್ದು ಯಮ. ರಾಜ್ಯದಿಂದ ಯಮವನ್ನು ಅಪೇಕ್ಷಿಸುವುದು ಅತಿಯಾದೀತು. ನಿಯಮವಾದರೂ ನಡೆಯಿತೆ? ಕೇಂದ್ರದ ಅಧಿನಿಯಮದಲ್ಲಿ ಕೊರತೆಯನ್ನು ನೀಗಲು ಗೊತ್ತಾದ ಗಡುವು ಮೊದಲು 2008ರ ಮಾರ್ಚ್ ಎಂದಿತ್ತು. ಬಳಿಕ ಅದು 2009 ಆಯಿತು. 2012ರಲ್ಲಿ ತಿದ್ದುಪಡಿಯಾಗಿ ಮತ್ತೂ ಮುಂದಕ್ಕೆ ಹೋಯಿತು. 2015ರ ತಿದ್ದುಪಡಿಯಲ್ಲಿ 2018 ಆಯಿತು. 2018ರ ತಿದ್ದುಪಡಿಯಲ್ಲಿ 2021 ಆಯಿತು, ರಾಜಸ್ವ ಕೊರತೆಯ ಗುರಿಯನ್ನೇ ಕೈಬಿಡಲಾಯಿತು. 2020-21ರಲ್ಲಿ ಮಹಾಮಾರಿಯ ಕಾರಣ ಕೊರತೆ ಶೇಕಡಾ 9ನ್ನು ದಾಟಿತು. ಈ ಕೊನೆಯದು ಕ್ಷಾಮದ ಋಣದಂತೆಯೇ, ಅದನ್ನು ದೂಷಿಸಬಾರದು. ಎಂಟು ದಿನಗಳ ಉಪವಾಸ ಹಿಡಿದವನಿಗೆ ನಾಲ್ಕನೆಯ ದಿನ ಜ್ವರ ಬಂದರೆ ಪಾರಣೆ ಮಾಡಿಸುವುದುಂಟು, ಅದಕ್ಕೆ ತಕ್ಕ ಪ್ರಾಯಶ್ಚಿತ್ತವೂ ಉಂಟು. ಆದರೆ ಜ್ವರವಿಲ್ಲದ ವರ್ಷಗಳಲ್ಲಿಯೂ ಪಂಚಾಂಗವನ್ನೇ ಮುಂದೂಡುತ್ತ ಹೋದರೆ ಅದನ್ನು ಅತಿಚಾರವೆನ್ನಬೇಕೋ ಅನಾಚಾರವೆನ್ನಬೇಕೋ ಎಂಬುದೇ ಸಂದೇಹ. ಅಮೆರಿಕೆಯ ಸ್ಥಿತಿ ಇದಕ್ಕಿಂತ ಮೇಲಲ್ಲ. 1917ರಿಂದ ಅಲ್ಲಿ ಸಾಲಕ್ಕೆ ಕಾನೂನಿನ ಮಿತಿಯುಂಟು. 1960ರಿಂದೀಚೆಗೆ ಅದನ್ನು 70ಕ್ಕೂ ಹೆಚ್ಚು ಬಾರಿ ಏರಿಸಿದ್ದಾರೆ ಅಥವಾ ಸಡಿಲಿಸಿದ್ದಾರೆ.

ಗಡುವನ್ನು ಮುಂದೂಡುವುದಕ್ಕಿಂತಲೂ ಸೂಕ್ಷ್ಮವಾದ ದೋಷವೊಂದಿದೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವೆಂಬುದನ್ನು ವಾಚಕರು ಬಲ್ಲರು. ಕೊಡುವಾಗ ಒಂದು ಅಳತೆ, ಕೊಳ್ಳುವಾಗ ಇನ್ನೊಂದು. 2005ರ ನಂತರದ ಕೆಲವು ವರ್ಷಗಳಲ್ಲಿ ಪೆಟ್ರೋಲು, ಸೀಮೆಎಣ್ಣೆಗಳನ್ನು ಅಗ್ಗದ ದರಕ್ಕೆ ಮಾರಿಸಿ, ತೈಲ ಕಂಪನಿಗಳಿಗಾದ ನಷ್ಟವನ್ನು ನಗದಿನಲ್ಲಿ ಕೊಡದೆ ಸಾಲಪತ್ರಗಳ ರೂಪದಲ್ಲಿ ಕೊಡಲಾಯಿತು. ಆ ಮೊತ್ತವು ಆ ವರ್ಷದ ಕೊರತೆಯಲ್ಲಿ ಕಾಣಿಸಲಿಲ್ಲ. ಅವುಗಳಲ್ಲಿ ಹಲವುಗಳ ಅಸಲನ್ನು ತೀರಿಸಿದ್ದು 2020ರ ದಶಕದಲ್ಲಿ. ಅಗ್ಗದ ಎಣ್ಣೆ ಉರಿಸಿದವರೊಬ್ಬರು, ಬೆಲೆ ತೆತ್ತವರು ಮತ್ತೊಬ್ಬರು. ಅನಂತರದ ಸರ್ಕಾರವೂ ಬೇರೊಂದು ದಾರಿ ಹಿಡಿಯಿತು. ಆಹಾರ ನಿಗಮಕ್ಕೆ ಕೊಡಬೇಕಾದ ಸಹಾಯಧನವನ್ನು ತಾನು ಕೊಡದೆ, ಸಣ್ಣ ಉಳಿತಾಯ ನಿಧಿಯಿಂದ ನಿಗಮವೇ ಸಾಲ ಪಡೆಯುವಂತೆ ಮಾಡಿತು. 2021ರ ಆಯವ್ಯಯದಲ್ಲಿ ಆ ಮರೆಯ ಸಾಲವನ್ನು ಸರ್ಕಾರದ ಲೆಕ್ಕಕ್ಕೆ ತಂದು ತೋರಿಸಿದುದು ಪ್ರಶಂಸನೀಯ. ತೋರಿಸಿದ ವರ್ಷ ಕೊರತೆ ದೊಡ್ಡದಾಗಿ ಕಂಡಿತು, ನಿಜ. ಆದರೆ ಸಾಲ ಅಂದು ಹುಟ್ಟಿದ್ದಲ್ಲ.

ಹೀಗೆ ವಿಚಾರ ಮಾಡುತ್ತ ಬಂದರೆ ಮೂಲ ಪ್ರಶ್ನೆ ಎದುರಾಗುತ್ತದೆ. ಕೊಡದೆ ಇರುವುದನ್ನು ತೆಗೆದುಕೊಳ್ಳುವುದು ಅದತ್ತಾದಾನ. ಇನ್ನೂ ಹುಟ್ಟದವನು ತನ್ನ ದುಡಿಮೆಯ ಪಾಲನ್ನು ಇಂದಿನವರಿಗೆ ಕೊಟ್ಟಿದ್ದಾನೆಯೆ? 2023ರ ನವೆಂಬರಿನಲ್ಲಿ ಭಾರತ ಸರ್ಕಾರವು ಮೊದಲ ಬಾರಿಗೆ ಐವತ್ತು ವರ್ಷಗಳ ಸಾಲಪತ್ರವನ್ನು ಹೊರಡಿಸಿ 10,000 ಕೋಟಿ ರೂಪಾಯಿ ಪಡೆಯಿತು. ಬಡ್ಡಿ ಶೇಕಡಾ 7.46, ಅಸಲು ತೀರಬೇಕಾದುದು 2073ರಲ್ಲಿ. ಆ ವರ್ಷ ಇಪ್ಪತ್ತೈದರ ಹರೆಯದಲ್ಲಿದ್ದು ಕರ ತೆರುವವನು ಹುಟ್ಟುವುದು 2048ರಲ್ಲಿ. ಅವನ ಕೈಯಿಂದ ಅನುಮತಿ ಪಡೆಯುವ ಉಪಾಯವಿಲ್ಲ. ಪಿತ್ರಾರ್ಜಿತ ಆಸ್ತಿಯೊಡನೆ ಋಣವೂ ಬರುವುದು ಲೋಕರೂಢಿಯಲ್ಲವೇ ಎಂದು ಕೇಳಬಹುದು. ಸರಿ. ಆದರೆ ಋಣದೊಡನೆ ಆಸ್ತಿಯೂ ಬಂದಿದ್ದರೆ ಮಾತ್ರ ಆ ರೂಢಿ ನ್ಯಾಯವೆನಿಸುವುದು. ಆ ಹಣದಿಂದ 2073ರಲ್ಲಿಯೂ ನಿಂತಿರುವ ಸೇತುವೆಯೋ ಶಾಲೆಯೋ ಆಗಿದ್ದರೆ ಅವನು ದೂರಲಾರ. ಹಾಗಾಗದೆ 2023ರ ನಿತ್ಯ ವೆಚ್ಚದಲ್ಲಿ ಕರಗಿದ್ದರೆ, ಸ್ತೇಯವೆಂಬ ಮಾತು ಕಠೋರವಾಗಿ ಕೇಳಿಸಿದರೂ ಅದಕ್ಕೆ ಬೇರೆ ಹೆಸರನ್ನು ಹುಡುಕುವುದು ಕಷ್ಟ. ಬಾಲಕ ಚಾಮರಾಜೇಂದ್ರನಿಗೆ ದಾಟಿಬಂದ ಋಣದಲ್ಲಿ ಬದುಕಿ ಉಳಿದ ಪ್ರಜೆಗಳಿದ್ದರು. ಅವರೇ ಆ ಆಸ್ತಿ.

ಸಾಲವು ಮಿತಿಮೀರಿದ ನಾಡಿನಲ್ಲಿ ಮೊದಲು ನರಳುವವರು ಯಾರೆಂಬುದಕ್ಕೆ ನೆರೆಯ ಶ್ರೀಲಂಕೆ ಸಾಕ್ಷಿ. 2019ರ ಕೊನೆಯಲ್ಲಿ ಅಲ್ಲಿ ಕರಗಳನ್ನು ವಿಪರೀತವಾಗಿ ಇಳಿಸಿದರು. ಮೇಲೆ ಮಹಾಮಾರಿ ಬಂದು ಪ್ರವಾಸಿಗರ ಆದಾಯ ನಿಂತಿತು. 2022ರ ಏಪ್ರಿಲಿನಲ್ಲಿ ವಿದೇಶೀ ಸಾಲದ ಮರುಪಾವತಿಯನ್ನು ನಿಲ್ಲಿಸಿದಾಗ ಸೀಮೆಎಣ್ಣೆಗೂ ಅಡುಗೆ ಅನಿಲಕ್ಕೂ ಸಾಲುಗಟ್ಟಿ ನಿಂತವರು ಸಾಲ ಮಾಡಿದ ಮಂತ್ರಿಗಳಲ್ಲ.

ಆದುದರಿಂದ ಬಡವನಿಗೆ ಕೊಡುವ ಅಕ್ಕಿಯನ್ನೇ ದುಂದುವೆಂದು ಬೆರಳು ಮಾಡಿ ತೋರಿಸುವುದು ಈ ಚರ್ಚೆಯ ಅತಿ ಸುಲಭವಾದ, ಅತಿ ಅನ್ಯಾಯವಾದ ಮಾರ್ಗ. ಕರ್ನಾಟಕದಲ್ಲಿ 2023ರಿಂದ ನಡೆದುಬಂದ ಐದು ಗ್ಯಾರಂಟಿಗಳ ವೆಚ್ಚವನ್ನು ಕುರಿತು ಮನೆಮನೆಯಲ್ಲಿ ವಾದವಾಗುತ್ತದೆ, ಆಗಲಿ. ಆದರೆ 2019ರ ಸೆಪ್ಟೆಂಬರಿನಲ್ಲಿ ಕಂಪನಿಗಳ ಮೇಲಿನ ಕರವನ್ನು ಇಳಿಸಿದಾಗ, ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಆದಾಯ ಬಿಟ್ಟಂತಾಗುವುದೆಂದು ಸರ್ಕಾರವೇ ಅಂದಾಜು ಮಾಡಿತ್ತು. ಬಿಟ್ಟ ಕರವೂ ಕೊಟ್ಟ ಹಣವೇ. ಎರಡಕ್ಕೂ ಒಂದೇ ಪ್ರಶ್ನೆಯನ್ನು ಕೇಳಬೇಕು: ಇಂದಿನ ಉಳ್ಳವರಿಂದ ಎತ್ತಿ ಕೊಟ್ಟಿರೋ, ನಾಳಿನವರ ಹೆಸರಿನಲ್ಲಿ ಬರೆದು ಕೊಟ್ಟಿರೋ? ದಾನವು ತನ್ನ ಸ್ವತ್ತಿನದಾಗಿರಬೇಕೆಂಬುದನ್ನು ದಾನದ ಲಕ್ಷಣ ಹೇಳುವವರೆಲ್ಲರೂ ಒಪ್ಪುತ್ತಾರೆ. ಕರ ತೆರಲು ಹಿಂಜರಿಯುತ್ತ, ಸೌಲಭ್ಯಗಳನ್ನು ಬಿಡಲೊಲ್ಲದೆ, ಸರ್ಕಾರ ಸಾಲ ಮಾಡುತ್ತಿದೆಯೆಂದು ದೂರುವ ಮಧ್ಯಮ ವರ್ಗದ ಗೃಹಸ್ಥರೂ ಇಲ್ಲಿ ತಮ್ಮ ಪಾಲನ್ನು ಕಂಡುಕೊಳ್ಳತಕ್ಕದ್ದು.

2025ರ ಫೆಬ್ರವರಿಯಲ್ಲಿ ಕೇಂದ್ರವು ಹೊಸ ಸಂಕಲ್ಪವೊಂದನ್ನು ಪ್ರಕಟಿಸಿತು. 2026-27ರಿಂದ ವರ್ಷವರ್ಷದ ಕೊರತೆಗಿಂತಲೂ ಒಟ್ಟು ಸಾಲವನ್ನೇ ಅಳತೆಗೋಲಾಗಿಟ್ಟುಕೊಂಡು, 2031ರ ಮಾರ್ಚ್ 31ರ ಹೊತ್ತಿಗೆ ಅದನ್ನು ಉತ್ಪನ್ನದ ಶೇಕಡಾ 50ರ ಸುಮಾರಿಗೆ, ಒಂದು ಹೆಚ್ಚು ಅಥವಾ ಒಂದು ಕಡಿಮೆ, ಇಳಿಸುವುದು. 2020-21ರ ಶೇಕಡಾ 9ರಿಂದ ಕೊರತೆಯನ್ನು 2025-26ರ ಅಂದಾಜಿನಲ್ಲಿ ಶೇಕಡಾ 4.4ಕ್ಕೆ ತಂದಿರುವುದನ್ನು ನೋಡಿದರೆ ಈ ಸಂಕಲ್ಪವನ್ನು ಪೂರ್ತಿ ಸಂಶಯಿಸಬೇಕಾಗಿಲ್ಲ. ಕೊರತೆ ಏನೆಂದರೆ ಸಾಕ್ಷಿಯದು. ಶ್ರಾವಕನು ವ್ರತವನ್ನು ಗುರುಸಾಕ್ಷಿಯಾಗಿ ಸ್ವೀಕರಿಸುತ್ತಾನೆ. ಮುರಿದರೆ ಹೇಳಿಕೊಳ್ಳಬೇಕಾದ ಒಂದು ಪೀಠವಿರುತ್ತದೆ. ರಾಜ್ಯದ ಲೆಕ್ಕಗಳನ್ನು ಮಹಾಲೇಖಪಾಲರು ಪರಿಶೀಲಿಸುತ್ತಾರೆ, ಆದರೆ ವೆಚ್ಚವಾದ ಮೇಲೆ. ವೆಚ್ಚಕ್ಕೆ ಮೊದಲೇ, ಇಂತಹ ಅಂದಾಜು ನಂಬತಕ್ಕದ್ದಲ್ಲ, ಇಂತಹ ಸಾಲ ಮರೆಯಲ್ಲಿದೆ ಎಂದು ನಿರ್ಭಯವಾಗಿ ಹೇಳುವ ಸ್ವತಂತ್ರ ವಿತ್ತೀಯ ಮಂಡಳಿಯೊಂದು ಬೇಕೆಂದು ಎನ್. ಕೆ. ಸಿಂಗ್ ಸಮಿತಿಯು 2017ರ ತನ್ನ ವರದಿಯಲ್ಲಿ ಸಲಹೆ ಮಾಡಿತು. ಹಿಂದಿನ ಹಣಕಾಸು ಆಯೋಗಗಳೂ ಇಂತಹುದೇ ಮಾತನ್ನು ಆಡಿದ್ದವು. ಬ್ರಿಟನ್ನಿನಲ್ಲಿ 2010ರಿಂದ, ಅಮೆರಿಕೆಯಲ್ಲಿ 1974ರ ಕಾನೂನಿನಿಂದ ಇಂತಹ ಸಂಸ್ಥೆಗಳಿವೆ. ಅವುಗಳ ಮಾತನ್ನು ಆಳುವವರು ಸದಾ ಕೇಳುತ್ತಾರೆಂದಲ್ಲ, ಆದರೆ ಪ್ರಜೆಗಳ ಕಿವಿಗೆ ಬೀಳುತ್ತದೆ. 1881ರ ದಸರೆಯಲ್ಲಿ ಮತವಿಲ್ಲದ ಪ್ರತಿನಿಧಿಗಳ ಕಿವಿಗೆ ಬಿದ್ದದ್ದೂ ಅಷ್ಟೇ. 2017ರ ಆ ಸಲಹೆ ಇನ್ನೂ ಕಾಗದದ ಮೇಲೆಯೇ ಇದೆ.